ಪಿಕಪ್ಪಿನ ಬ್ರೇಕ್ ದೀಪ ಹತ್ತಿತಾ? ಮೊದಲು ಬಣ್ಣ ನೋಡಿ

ಹೋದ ಮಳೆಗಾಲದಲ್ಲಿ ಕಾಳುಮೆಣಸಿನ ಮೂಟೆ ಹೇರಿಕೊಂಡು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಮೀಟರಿನಲ್ಲಿ ಎರಡು ಹಳದಿ ದೀಪ ಒಟ್ಟಿಗೇ ಹತ್ತಿದವು. ಒಂದು ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಕಚ್ಚಿಕೊಳ್ಳದಂತೆ ಕಾಯುವ ವ್ಯವಸ್ಥೆ. ಇನ್ನೊಂದು ಜಾರುವ ಕಾರಿನ ಚಿತ್ರದ್ದು, ಅಂದರೆ ಚಕ್ರ ಸುಮ್ನೆ ಸುತ್ತಿ ಜಾರದಂತೆ ನೋಡುವ ಟ್ರ್ಯಾಕ್ಷನ್. ಎದುರಿಗೆ ಮಂಜು, ಪಕ್ಕದಲ್ಲಿ ಕಣಿವೆ. ಕೆಂಪು ಬ್ರೇಕ್ ದೀಪ ಹತ್ತಿಲ್ಲ ಅನ್ನುವುದೇ ಆಗ ಧೈರ್ಯ. ಎರಡನೇ ಗೇರಿನಲ್ಲೇ ನಿಧಾನವಾಗಿ ಇಳಿದೆ.

ಮರುದಿನ ಒಂದು ಗ್ಯಾರೇಜಿನಲ್ಲಿ ಚಕ್ರವನ್ನೂ ಬಿಚ್ಚದೆ 'ಎಬಿಎಸ್ ಯೂನಿಟ್ಟೇ ಹೋಗಿದೆ, ಬದಲಾಯಿಸಬೇಕು' ಅಂದರು. ಕೊನೆಗೆ ಸಿಕ್ಕಿದ್ದು ಒಂದು ಸವೆದ ವೈರು. ನಿಮ್ಮ ದುಡ್ಡು ಸುಮ್ನೆ ಹೋಗಬಾರದು ಅಂತ, ನಾನು ಹುಡುಕಿದ ದಾರಿಯನ್ನು ಬರೆಯುತ್ತಿದ್ದೇನೆ.

ಕೆಂಪು ದೀಪ ಹತ್ತಿದರೆ ಗಾಡಿ ಸೈಡಿಗೆ ಹಾಕಿ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಇಳಿದಿದ್ದರೆ ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಡಬ್ಬಿಯ ಕೆಳಗಿನ ಗೆರೆ ಗಮನಿಸಿ. ಪ್ಯಾಡ್ ಸವೆದಂತೆ ಆಯಿಲ್ ಮೆಲ್ಲಗೆ ಇಳಿಯುವುದು ಸಹಜ. ಆದರೆ ಒಂದೇ ವಾರದಲ್ಲಿ ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಚಕ್ರದ ಒಳಬದಿ, ಹಿಂದಿನ ಡ್ರಮ್ಮಿನ ಕೆಳಗೆ ಒದ್ದೆ ಇದೆಯಾ ಕೈ ಹಾಕಿ ನೋಡಿ. ಕಾರಣ ಹುಡುಕದೆ ಆಯಿಲ್ ತುಂಬಿಸಿ ದೀಪ ಆರಿಸಿಕೊಳ್ಳಬೇಡಿ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿದ್ದರೆ, ಅಥವಾ ಕೆಳಗಿನವರೆಗೂ ಹೋಗುತ್ತಿದ್ದರೆ, ಅಲ್ಲಿಂದ ಓಡಿಸಲೇಬೇಡಿ. ಗಾಡಿ ಎಳೆಸಿಕೊಂಡು ಹೋಗಿ.

ಕೆಂಪು ಮತ್ತು ಎಬಿಎಸ್ ಹಳದಿ ಎರಡೂ ಒಟ್ಟಿಗೆ ಹತ್ತಿದರೆ ಇನ್ನೂ ಎಚ್ಚರ. ಮುಂದಿನ ಹಿಂದಿನ ಚಕ್ರಕ್ಕೆ ಬ್ರೇಕ್ ಹಂಚುವ ವ್ಯವಸ್ಥೆಯೂ ನಿಂತಿರಬಹುದು. ಲೋಡ್ ಇಲ್ಲದ ಪಿಕಪ್ಪಿನ ಹಿಂಭಾಗ ಹಗುರ ಅಲ್ವಾ, ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡು ಗಾಡಿ ತಿರುಗಿಬಿಡುತ್ತದೆ.

ಬರೀ ಹಳದಿ ಎಬಿಎಸ್ ದೀಪ ಆದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಒದ್ದೆ ರಸ್ತೆಯಲ್ಲಿ ಚಕ್ರ ಕಚ್ಚದಂತೆ ಕಾಯುವುದು ಮಾತ್ರ ಇರುವುದಿಲ್ಲ. ಟ್ರ್ಯಾಕ್ಷನ್ ದೀಪ ಕೆಸರಿನಲ್ಲಿ ಮಿಣುಕಿದರೆ ಹೆದರಬೇಡಿ, ಅದು ಕೆಲಸ ಮಾಡುತ್ತಿದೆ ಅಂತ. ಬಿಡದೆ ಉರಿದರೆ ಯಾರಾದರೂ ಸ್ವಿಚ್ ಆಫ್ ಮಾಡಿದ್ದಾರಾ ನೋಡಿ. ಹಲವು ಫೋರ್ ವೀಲ್ ಪಿಕಪ್ಪುಗಳಲ್ಲಿ ಲೋ ಗೇರಿಗೆ ಹಾಕಿದ ಕೂಡಲೇ ಅದು ತಾನಾಗಿ ಆಫ್ ಆಗುತ್ತದೆ.

ಎಬಿಎಸ್, ಟ್ರ್ಯಾಕ್ಷನ್ ಎರಡೂ ಹತ್ತಿದರೆ ಎರಡು ತೊಂದರೆ ಅಂತ ಅಂದುಕೊಳ್ಳಬೇಡಿ. ಎರಡಕ್ಕೂ ಲೆಕ್ಕ ಕೊಡುವುದು ಚಕ್ರದ ವೇಗ ಅಳೆಯುವ ಅವೇ ನಾಲ್ಕು ಸೆನ್ಸರ್. ಒಂದು ಕೈಕೊಟ್ಟರೂ ಎರಡೂ ನಿಲ್ಲುತ್ತವೆ.

ಬಿಚ್ಚುವ ಮೊದಲು ಸುಲಭದ್ದು ಮುಗಿಸಿ. ಫ್ಯೂಸ್ ನೋಡಿ. ಎಂಜಿನ್ ಓಡುವಾಗ ಬ್ಯಾಟರಿ 14 ವೋಲ್ಟಿನ ಆಸುಪಾಸು ತೋರಿಸಬೇಕು. ಬ್ರೇಕ್ ಒತ್ತಿದಾಗ ಹಿಂದಿನ ಲೈಟ್ ಹತ್ತುತ್ತದಾ ನೋಡಿ, ಪೆಡಲ್ ಸ್ವಿಚ್ ಕೆಟ್ಟರೂ ಈ ದೀಪ ಬರಬಹುದು. ನಾಲ್ಕೂ ಟೈರ್ ಒಂದೇ ಸೈಜಿನವಾ ಅಂತಲೂ ಓದಿಕೊಳ್ಳಿ.

ಆಮೇಲೆ ಸ್ಕ್ಯಾನರ್, ಅಂದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸಾಧನ. ಕಡಿಮೆ ಬೆಲೆಯ ಬ್ಲೂಟೂತ್ ಸಾಧನಗಳು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಎಬಿಎಸ್ ಓದುವುದನ್ನೇ ಕೇಳಿ ತನ್ನಿ. ಈ ಕೋಡುಗಳು ಹೆಚ್ಚಾಗಿ 'ಸಿ' ಅಕ್ಷರದಿಂದ ಶುರುವಾಗುತ್ತವೆ. ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ. ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೇರ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಹೋಗಿ, ಅವರು ನಾಲ್ಕು ಚಕ್ರದ ವೇಗವನ್ನೂ ನೋಡಲಿ. ನನ್ನ ಗಾಡಿಯಲ್ಲಿ ಮೂರು ಚಕ್ರ 20 ತೋರಿಸುತ್ತಿದ್ದರೆ ಮುಂದಿನ ಬಲ ಚಕ್ರ ಆಗಾಗ ಸೊನ್ನೆಗೆ ಬೀಳುತ್ತಿತ್ತು. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿನ ಜೊತೆ ಸ್ಟ್ಯಾಂಡೂ ಇಟ್ಟು ಚಕ್ರ ಬಿಚ್ಚಿದೆ. ಮೊದಲು ಸೆನ್ಸರಿನ ತುದಿ ಒರೆಸಿದೆ. ಅದರಲ್ಲಿ ಆಯಸ್ಕಾಂತ ಇದ್ದರೆ ಡಿಸ್ಕಿನ ಕಬ್ಬಿಣದ ಪುಡಿ ಮೀಸೆಯ ಹಾಗೆ ಅಂಟಿರುತ್ತದೆ. ಸೆನ್ಸರ್ ತುಕ್ಕಿಗೆ ಕಚ್ಚಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ತಲೆ ಮುರಿಯುತ್ತದೆ. ಚಕ್ರದ ಜೊತೆ ತಿರುಗುವ, ಸೆನ್ಸರ್ ಎಣಿಸುವ ಹಲ್ಲಿನ ರಿಂಗ್ ಇದ್ದರೆ ಸಂದಿಯ ಕೆಸರು ತೆಗೆಯಿರಿ, ಬಿರುಕು ಇದೆಯಾ ನೋಡಿ.

ನನ್ನದರಲ್ಲಿ ಇವೆಲ್ಲ ಸರಿಯಿದ್ದವು. ಆಗ ಸ್ಟೀರಿಂಗ್ ಪೂರ್ತಿ ತಿರುಗಿಸಿ, ವೈರನ್ನು ಬೆರಳಿನಲ್ಲಿ ಸವರುತ್ತಾ ಹೋದೆ. ಕ್ಲಿಪ್ಪಿನ ಪಕ್ಕದಲ್ಲಿ ಬೆರಳಿಗೆ ಒರಟು ತಾಗಿತು. ರಬ್ಬರ್ ಸವೆದು ಒಳಗಿನ ತಾಮ್ರ ಹಸಿರು ಕಟ್ಟಿತ್ತು. ಕ್ಲಿಪ್ ಬಿಟ್ಟುಹೋಗಿ, ತಿರುವಿಗೊಮ್ಮೆ ವೈರು ಲೋಹಕ್ಕೆ ಉಜ್ಜಿದೆ. ನೀರು ಸೇರಿದಾಗ ಮಾತ್ರ ತೊಂದರೆ, ಒಣಗಿದರೆ ಸರಿ. ಬಿಸಿಲಿದ್ದ ದಿನ ದೀಪ ತಾನಾಗಿ ಆರುತ್ತಿದ್ದದ್ದು ಇದಕ್ಕೇ.

ಮಲ್ಟಿಮೀಟರ್ ಇದ್ದರೆ ಹಳೆ ನಮೂನೆಯ, ಅಂದರೆ ಆಯಸ್ಕಾಂತ ಮತ್ತು ತಂತಿಸುರುಳಿ ಇರುವ ಸೆನ್ಸರ್ ಸಾಮಾನ್ಯವಾಗಿ 1,000 ಓಮ್ ಆಸುಪಾಸು ತೋರಿಸುತ್ತದೆ. ಎಡ ಬಲ ಹೋಲಿಸಿ ನೋಡಿ. ಹೊಸ ನಮೂನೆಯವನ್ನು ಓಮ್ ಹಾಕಿ ಅಳೆಯಬೇಡಿ, ಅವುಗಳಿಗೆ ಸ್ಕ್ಯಾನರೇ ಸರಿ.

ನನ್ನ ಗಾಡಿಯ ಸೆನ್ಸರ್ ವೈರಿನ ಸಮೇತ ಒಂದೇ ತುಂಡು. ಟೇಪ್ ಸುತ್ತಿದರೆ ಮಲೆನಾಡಿನ ಮಳೆಗೆ ನಿಲ್ಲುವುದಿಲ್ಲ ಅಂತ ಹೊಸದೇ ಹಾಕಿದೆ. ಜೊತೆಗೆ ಹೊಸ ಕ್ಲಿಪ್. ದೀಪ ಕೂಡಲೇ ಆರಲಿಲ್ಲ, ಸ್ವಲ್ಪ ದೂರ ಓಡಿಸಿದ ಮೇಲೆ ಆರಿತು. ಆಮೇಲೆ ಯಾರೂ ಇಲ್ಲದ ಮಣ್ಣುರಸ್ತೆಯಲ್ಲಿ 30ರ ವೇಗದಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದೆ. ಪೆಡಲ್ ಪಾದದ ಕೆಳಗೆ ಗಡಗಡ ಅಂತ ಅದುರಿತು. ಎಬಿಎಸ್ ವಾಪಸ್ ಬಂದಿತ್ತು.