ಹಳೇ ಕಂಪ್ಯೂಟರಿಗೆ ಸರಿಹೊಂದುವ ಮೌಸ್: ನನ್ನ ಅನುಭವ

ವಿರಾಜಪೇಟೆ ಹತ್ತಿರದ ನಮ್ಮ ಕಾಫಿ ತೋಟದ ಲೆಕ್ಕವೆಲ್ಲ ಇನ್ನೂ ವಿಂಡೋಸ್ 98ರ ಹಳೇ ಕಂಪ್ಯೂಟರಿನಲ್ಲೇ ಇದೆ. ಚೆಂಡಿನ ಮೌಸ್‌ನ ರೋಲರುಗಳಿಗೆ ಜಿಡ್ಡು ಹಿಡಿದು, ಎಷ್ಟು ಒರೆಸಿದರೂ ಬಾಣ ಅಲ್ಲಲ್ಲೇ ನಿಲ್ಲುತ್ತಿತ್ತು. ಹೊಸ ಯುಎಸ್‌ಬಿ ಮೌಸಿಗೆ ಹಸಿರು ಅಡಾಪ್ಟರ್ ಹಾಕಿ ಕಂಪ್ಯೂಟರಿನ ಹಿಂಬದಿಯ ದುಂಡು ಪಿಎಸ್/2 ಪೋರ್ಟಿಗೆ (ಹಳೇ ಮೌಸ್, ಕೀಬೋರ್ಡ್ ಚುಚ್ಚುವ ಕಿಂಡಿ) ಚುಚ್ಚಿದರೆ ಬಾಣ ಅಲುಗಾಡಲೇ ಇಲ್ಲ. ಯಾಕೆಂದರೆ ಆ ಅಡಾಪ್ಟರ್ ಬರೀ ತಂತಿ ಜೋಡಿಸುತ್ತದೆ, ಸಿಗ್ನಲ್ ಬದಲಿಸುವುದಿಲ್ಲ, ಹಾಗಾಗಿ ಪಿಎಸ್/2 ವ್ಯವಸ್ಥೆ ಮೌಸಿನೊಳಗೇ ಇರಬೇಕು, ಈಗಿನ ಹೆಚ್ಚಿನ ಮೌಸ್‌ಗಳಲ್ಲಿ ಅದಿಲ್ಲ. ಕೊನೆಗೆ ಮಡಿಕೇರಿಯ ರಿಪೇರಿ ಅಂಗಡಿಯಲ್ಲಿ ಪಿಎಸ್/2 ಪಿನ್ನೇ ಇರುವ ಆಪ್ಟಿಕಲ್ ಮೌಸ್ ಸಿಕ್ಕಿತು. ಚೆಂಡೇ ಇಲ್ಲ, ಜಿಡ್ಡಿನ ಕಾಟವೂ ಇಲ್ಲ! ಹಸಿರು ಪೋರ್ಟ್ ಮೌಸಿಗೆ, ನೇರಳೆ ಕೀಬೋರ್ಡಿಗೆ. ದಯವಿಟ್ಟು ಕಂಪ್ಯೂಟರ್ ಆಫ್ ಮಾಡಿಯೇ ಚುಚ್ಚಿ, ಆನ್ ಇದ್ದಾಗ ಹಾಕಿದರೆ ಮೌಸ್ ಗುರುತಾಗದೇ ಇರಬಹುದು, ಮದರ್‌ಬೋರ್ಡಿಗೂ ಪೆಟ್ಟು ಬೀಳಬಹುದು.