ಕೊಂಬು ಬೇಕಾದರೆ ಕೇಳಬೇಕು: ನಲಿಕಲಿ ಮಕ್ಕಳಿಗೆ ಇಂಗ್ಲಿಷ್ ಪದ ಕಲಿಸಿದ ನನ್ನ ಅನುಭವ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಒಂದರಿಂದ ಮೂರನೆಯ ತರಗತಿಯವರೆಗಿನ ನಲಿಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಮಕ್ಕಳಿಗೆ ಕಲಿಸುತ್ತೇನೆ. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ಭಾಷಾವಿಷಯವಾಗಿ ಬಂದಿದ್ದು, ‘ಚಟುವಟಿಕೆಯ ಮೂಲಕ ಪದ ಕಲಿಸಿ’ ಎಂಬ ಸಲಹೆಯನ್ನು ತರಬೇತಿಗಳಲ್ಲಿ ಕೇಳದ ಶಿಕ್ಷಕರು ಈಗ ಯಾರೂ ಇರಲಿಕ್ಕಿಲ್ಲ. ಸಲಹೆ ಸರಿಯಾದದ್ದೇ. ಆದರೆ ಚಟುವಟಿಕೆ ನಡೆಯುವಷ್ಟು ಹೊತ್ತು ಮಕ್ಕಳ ಬಾಯಲ್ಲಿ ಯಾವ ಭಾಷೆ ಓಡಾಡುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಬೇಕು. ಬಣ್ಣದ ಕಾಗದದಲ್ಲಿ ಮೀನು ಕತ್ತರಿಸುವ ಪಾಠವನ್ನೇ ತೆಗೆದುಕೊಳ್ಳಿ. ‘ಏ, ಕತ್ರಿ ಕೊಡಲೇ’, ‘ನಂದು ನೋಡ್ರಿ ಅಕ್ಕಾರ’, ‘ಇಂವಾ ನನ್ನ ಅಂಟು ತೊಗೊಂಡಾನ್ರಿ’ ಎಂದು ಅರ್ಧ ತಾಸು ಕಳೆದ ಮೇಲೆ ಶಿಕ್ಷಕರು ‘ವಾಟ್ ಈಸ್ ದಿಸ್?’ ಎನ್ನುತ್ತಾರೆ, ಮಕ್ಕಳು ಒಕ್ಕೊರಲಿನಿಂದ ‘ಫಿಶ್’ ಎನ್ನುತ್ತಾರೆ. ಕೈಕೆಲಸದ ತರಗತಿಯಾಗಿ ಅದು ಚೆನ್ನಾಗಿದೆ. ಇಂಗ್ಲಿಷ್ ಪಾಠವಾಗಿ ಅದರಲ್ಲಿ ನಡೆದದ್ದು ಒಂದೇ ಒಂದು ಪದದ ಒಂದೇ ಒಂದು ಉಚ್ಚಾರಣೆ.

ಆದ್ದರಿಂದ ಯಾವುದೇ ಚಟುವಟಿಕೆಯನ್ನು ಕೈಗೆತ್ತಿಕೊಳ್ಳುವ ಮೊದಲು ನಾನು ನೋಡುವುದು ಇಷ್ಟೇ: ಈ ಪದವನ್ನು ಆಡದೆಯೇ ಮಗು ತನ್ನ ಕೆಲಸ ಮುಗಿಸಲು ಸಾಧ್ಯವೆ? ಸಾಧ್ಯವಿದ್ದರೆ ಚಟುವಟಿಕೆಯನ್ನು ಮುರಿದು ಕಟ್ಟುತ್ತೇನೆ. ಒಬ್ಬರ ಕೆಲಸಕ್ಕೆ ಬೇಕಾದ ವಸ್ತು ಇನ್ನೊಬ್ಬರ ಹತ್ತಿರ ಇರುವಂತೆ, ಅದನ್ನು ಪಡೆಯಲು ಇಂಗ್ಲಿಷ್ ಪದವೊಂದೇ ದಾರಿಯಾಗುವಂತೆ ಹೊಂದಿಸುತ್ತೇನೆ. ಇದು ನನ್ನ ಸ್ವಂತ ಶೋಧವೇನೂ ಅಲ್ಲ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ನಡೆದು, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾದ ಪ್ರಯೋಗದಲ್ಲಿ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಮಾಹಿತಿಯನ್ನು ಮಾತಿನ ಮೂಲಕ ದಾಟಿಸುವ ಕೆಲಸಗಳೂ ಇದ್ದವು. ಅಲ್ಲಿ ಮಾಹಿತಿ ಇದ್ದ ಜಾಗದಲ್ಲಿ ನಾನು ಮಣ್ಣು, ಕಾಳು, ಕಾಯಿಪಲ್ಯಗಳನ್ನು ಇಟ್ಟಿದ್ದೇನೆ. ಆರೇಳು ವರ್ಷದ ಮಕ್ಕಳಿಗೆ ಮಾಹಿತಿಗಿಂತ ವಸ್ತುವಿನ ಸೆಳೆತ ಹೆಚ್ಚು.

ವರ್ಷದ ಮೊದಲ ದೊಡ್ಡ ಚಟುವಟಿಕೆಯನ್ನು ನಮ್ಮ ಕಡೆಯ ಪಂಚಾಂಗವೇ ಒದಗಿಸಿಕೊಡುತ್ತದೆ. ಶಾಲೆ ಆರಂಭವಾಗಿ ಮಕ್ಕಳು ಹೊಂದಿಕೊಳ್ಳುವಷ್ಟರಲ್ಲಿ ಕಾರಹುಣ್ಣಿಮೆ ಮುಗಿದು, ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ ಬಂದಿರುತ್ತದೆ. ಮಣ್ಣಿನಲ್ಲಿ ಎತ್ತು ಮಾಡುವುದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ, ಆ ವಿಷಯದಲ್ಲಿ ಅವರು ನನಗಿಂತ ಗಟ್ಟಿಗರು. ಕೈಗೆ ಪರಿಚಿತವಾದ ಕೆಲಸವನ್ನೇ ಆರಿಸಿಕೊಂಡರೆ ಮಗುವಿನ ಗಮನವೆಲ್ಲ ಹೊಸ ಪದದ ಕಡೆಗೆ ಉಳಿಯುತ್ತದೆ ಎಂಬ ಅನುಕೂಲವೂ ಇದೆ. ನಮ್ಮ ಎರೆಮಣ್ಣು ಒಣಗುವಾಗ ಬಿರಿಯುವುದರಿಂದ ಹಿಂದಿನ ದಿನವೇ ನೆನೆಹಾಕಿ, ಸ್ವಲ್ಪ ಸಣ್ಣ ಮರಳನ್ನೂ ಹತ್ತಿಯ ಎಳೆಗಳನ್ನೂ ಸೇರಿಸಿ ಹದಮಾಡಿಕೊಳ್ಳುತ್ತೇವೆ.

ಮೊದಲ ಒಂದೆರಡು ದಿನ ಮಕ್ಕಳು ಮಾತಾಡಬೇಕಾಗಿಲ್ಲ. ನಾನು ಮಾಡಿಟ್ಟ ಎತ್ತನ್ನು ನಡುವೆ ಇಟ್ಟು ‘ಟಚ್ ದ ಟೇಲ್’, ‘ಟಚ್ ದ ಹಂಪ್’ ಎಂದು ಹೇಳುತ್ತ ಹೋಗುತ್ತೇನೆ. ಅವರು ಬಾಲವನ್ನೋ ಹಿಣಿಲನ್ನೋ ಮುಟ್ಟಿದರೆ ಸಾಕು. ಕೇಳಿಸಿಕೊಂಡು ಮೈಯಿಂದ ಉತ್ತರಿಸುವುದು ಮೊದಲು, ಬಾಯಿಂದ ಉತ್ತರಿಸುವುದು ಆಮೇಲೆ ಎಂಬ ಈ ಕ್ರಮವನ್ನು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ 1960ರ ದಶಕದಲ್ಲಿ ಒಂದು ವಿಧಾನವಾಗಿ ಬೆಳೆಸಿದರು. ಮಾತಾಡಲು ಅಂಜುವ ಮಕ್ಕಳಿಗೆ ಈ ಮೌನದ ಅವಧಿ ಬಹಳ ಮುಖ್ಯವಾದದ್ದು. ಅದನ್ನು ಮೊಟಕುಗೊಳಿಸಿ ‘ಹೇಳು, ಹೇಳು’ ಎಂದು ಬೆನ್ನುಹತ್ತಿದರೆ ಮಗು ಪದವನ್ನು ಅಲ್ಲ, ಅಂಜಿಕೆಯನ್ನು ಕಲಿಯುತ್ತದೆ.

ಮೂರನೆಯ ದಿನ ನಾಲ್ವರ ಗುಂಪುಗಳಾಗುತ್ತವೆ. ಒಬ್ಬರ ಹತ್ತಿರ ಎತ್ತಿನ ಮುಂಡ ಮಾತ್ರ ಇರುತ್ತದೆ. ಇನ್ನೊಬ್ಬರು ಕಾಲುಗಳನ್ನು ಮಾಡಿ ಪಾಟಿಯ ಮೇಲೆ ಇಟ್ಟುಕೊಂಡಿರುತ್ತಾರೆ, ಮತ್ತೊಬ್ಬರು ಕೊಂಬು ಮತ್ತು ಕಿವಿಗಳನ್ನು, ನಾಲ್ಕನೆಯವರು ಹಿಣಿಲು ಮತ್ತು ಬಾಲವನ್ನು. ಮುಂಡದ ಒಡೆಯ ಒಬ್ಬೊಬ್ಬರ ಬಳಿ ಹೋಗಿ ‘ಫೋರ್ ಲೆಗ್ಸ್ ಪ್ಲೀಸ್’, ‘ಒನ್ ಟೇಲ್ ಪ್ಲೀಸ್’ ಎಂದು ಕೇಳಿ ಪಡೆಯಬೇಕು. ಬೆರಳು ತೋರಿಸಿದರೆ ಕೊಡುವಂತಿಲ್ಲ. ಎತ್ತು ಪೂರ್ತಿಯಾದ ಮೇಲೆ ಪಾತ್ರಗಳು ಬದಲಾಗುತ್ತವೆ, ಹೀಗೆ ನಾಲ್ಕು ಸುತ್ತು.

ಇಲ್ಲಿ ಬಹುವಚನದ ತೊಡಕು ಎದುರಾಗುತ್ತದೆ. ಎರಡು ಕೊಂಬು, ನಾಲ್ಕು ಕಾಲು ಎಂದರೆ ನಮ್ಮ ಮಾತಿಗೆ ಸಾಕು, ಸಂಖ್ಯೆ ಹೇಳಿದ ಮೇಲೆ ‘ಗಳು’ ಹಚ್ಚುವ ಅಗತ್ಯ ಬೀಳುವುದಿಲ್ಲ. ಹಾಗಾಗಿ ಮಕ್ಕಳು ಸಹಜವಾಗಿಯೇ ‘ಟೂ ಹಾರ್ನ್’ ಎನ್ನುತ್ತಾರೆ. ತಿದ್ದಿ ತಿದ್ದಿ ಹೇಳಿಸುವುದಕ್ಕಿಂತ ಆಟದ ನಿಯಮವನ್ನೇ ಬಿಗಿಗೊಳಿಸುವುದು ಮೇಲೆಂದು ನನಗೆ ಕಂಡಿತು: ಕೊನೆಯ ‘ಸ್’ ಕೇಳಿಸದಿದ್ದರೆ ಒಂದೇ ಕೊಡಬೇಕು. ಎರಡನೆಯ ತರಗತಿಯ ಹುಡುಗನೊಬ್ಬ ‘ಟೂ ಹಾರ್ನ್ ಪ್ಲೀಸ್’ ಎಂದಾಗ ಕೊಂಬಿನ ಒಡತಿಯಾಗಿದ್ದ ಹುಡುಗಿ ‘ಎಸ್ ಕೇಳಲಿಲ್ಲ, ಒಂದ ತೊಗೋ’ ಎಂದು ಒಂದೇ ಕೊಂಬನ್ನು ಅವನ ಅಂಗೈಯಲ್ಲಿಟ್ಟಳು. ಅವನು ಹಟಕ್ಕೆ ಬಿದ್ದು ಅದನ್ನೇ ಹಣೆಯ ನಟ್ಟನಡುವೆ ಅಂಟಿಸಿದ. ಒಂಟಿ ಕೊಂಬಿನ ಎತ್ತನ್ನು ನೋಡಿ ಉಳಿದವರೆಲ್ಲ ಬಿದ್ದು ಬಿದ್ದು ನಕ್ಕ ಮೇಲೆ ಎದ್ದು ಹೋಗಿ, ಹಲ್ಲು ಕಚ್ಚಿ ‘ಟೂ ಹಾರ್ನ್ಸ್‌ಸ್‌ಸ್’ ಎಂದು ಕೇಳಿ ಇನ್ನೊಂದನ್ನು ತಂದ. ಆ ವರ್ಷ ಆ ಗುಂಪಿಗೆ ಬಹುವಚನದ ಪಾಠವನ್ನು ನಾನು ಪ್ರತ್ಯೇಕವಾಗಿ ಮಾಡಲಿಲ್ಲ.

ಉಚ್ಚಾರಣೆಯ ವಿಷಯದಲ್ಲಿ ನನ್ನದು ಸಡಿಲವಾದ ಧೋರಣೆ. ನಮ್ಮ ಕನ್ನಡದ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಲೆಗ್ಗು, ಎಗ್ಗು, ಹಾರ್ನು ಎಂದೇ ಮಕ್ಕಳು ಆರಂಭಿಸುತ್ತಾರೆ. ಪದ ಹೇಳುತ್ತ ಕೊನೆಯ ವ್ಯಂಜನಕ್ಕೆ ಮುಷ್ಟಿ ಬಿಗಿಹಿಡಿಯುವುದನ್ನು ರೂಢಿಸಿದರೆ ಬಾಲದ ಉಕಾರ ತಾನಾಗಿ ಉದುರುತ್ತದೆ. ಉದುರದಿದ್ದರೂ ಒಂದನೆಯ ತರಗತಿಯಲ್ಲಿ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಮಣ್ಣಿನ ಕೆಲಸದಲ್ಲಿ ವಸ್ತುಗಳ ಹೆಸರುಗಳು ಸಿಗುತ್ತವೆ. ಗುಣಗಳನ್ನು ಹೇಳುವ ಪದಗಳಿಗಾಗಿ ನಾನು ಬಳಸುವುದು ಬಾಯಿಗೆ ದಾರ ಪೋಣಿಸಿದ ಒಂದು ಬಟ್ಟೆಯ ಚೀಲವನ್ನು. ಹಾರ್ಡ್, ಸಾಫ್ಟ್, ರೌಂಡ್, ಲಾಂಗ್, ರಫ್, ಸ್ಮೂತ್ ಎಂಬ ಆರು ಪದಗಳು ಒಂದು ಕಂತಿಗೆ ಸಾಕು. ಒಂದು ಮಗು ಚೀಲದೊಳಗೆ ಕೈಹಾಕಿ ಒಂದು ವಸ್ತುವನ್ನು ಹಿಡಿದುಕೊಳ್ಳುತ್ತದೆ. ಉಳಿದವರು ‘ಈಸ್ ಇಟ್ ಹಾರ್ಡ್?’ ‘ಈಸ್ ಇಟ್ ಲಾಂಗ್?’ ಎಂದು ಕೇಳಿ ಕೇಳಿ ಅದು ಏನೆಂದು ಕಂಡುಹಿಡಿಯಬೇಕು. ಹಿಡಿದುಕೊಂಡ ಮಗು ಹೇಳುವುದು ಯೆಸ್ ಅಥವಾ ನೋ ಮಾತ್ರ. ಹೀಗಾಗಿ ಪದ ಆಡುವ ಹೊರೆ ಗುಂಪಿನ ಮೇಲೆ ಬೀಳುತ್ತದೆ, ಸುಮ್ಮನೆ ಕೂತು ನೋಡುವವರೇ ಇರುವುದಿಲ್ಲ. ಚೀಲದಲ್ಲಿ ಏನಿಡಬೇಕು ಎನ್ನುವುದರಲ್ಲಿಯೇ ಈ ಆಟದ ಜೀವವಿದೆ. ಮುಟ್ಟಿದ ಕೂಡಲೇ ಗುರುತು ಸಿಗುವ ಬಾಚಣಿಕೆ, ಚಮಚೆಗಳಿಂದ ಆಟ ಬೇಗ ಮುಗಿದುಹೋಗುತ್ತದೆ. ಬದಲಿಗೆ ಒಂದನ್ನೊಂದು ಹೋಲುವ ಜೋಡಿಗಳನ್ನು ಹಾಕಿದರೆ, ಅಂದರೆ ಉಳ್ಳಾಗಡ್ಡಿ ಮತ್ತು ಬಳ್ಳೊಳ್ಳಿ, ನಿಂಬೆಹಣ್ಣು ಮತ್ತು ಸಣ್ಣ ಚೆಂಡು, ಸುಲಿಯದ ಶೇಂಗಾ ಮತ್ತು ಹುಣಸೆಹಣ್ಣಿನ ತುಂಡು, ರಫ್ ಮತ್ತು ಸ್ಮೂತ್‌ಗಳಿಗೆ ನಿಜವಾದ ಕೆಲಸ ಬರುತ್ತದೆ. ಒಣಮೆಣಸಿನಕಾಯಿಯನ್ನು ಮಾತ್ರ ಎಂದಿಗೂ ಹಾಕಬಾರದು; ಪಕ್ಕದ ಜಿಲ್ಲೆಯ ಬ್ಯಾಡಗಿಯದು ಬಣ್ಣಕ್ಕೆ ಹೆಚ್ಚು, ಖಾರಕ್ಕೆ ಕಡಿಮೆ ಎಂದರೂ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡ ಮಗುವಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಬೀಜ ಬಿಡಿಸದ ಹತ್ತಿಯನ್ನು ಚೀಲಕ್ಕೆ ಹಾಕಿದ್ದ ದಿನ, ಯೆಸ್–ನೋಗಳಲ್ಲಿ ಉತ್ತರಿಸಬೇಕಾಗಿದ್ದ ಹುಡುಗಿ ಸ್ವಲ್ಪ ಹೊತ್ತು ಹಿಚುಕಿ ನೋಡಿ, ‘ಸಾಫ್ಟ್ ರೀ… ಆದ್ರ ಒಳಗ ಹಾರ್ಡ್’ ಎಂದಳು. ನಿಯಮ ಮುರಿದಿತ್ತು, ಎರಡು ಭಾಷೆಗಳು ಬೆರೆತಿದ್ದವು. ಆದರೂ ಎರಡು ಪದಗಳನ್ನು ಅವಳು ತನ್ನ ಅನುಭವಕ್ಕೆ ಅಳತೆಮಾಡಿ ಹೊಂದಿಸಿದ್ದರಿಂದ ನಾನು ಅದನ್ನು ತಿದ್ದಲು ಹೋಗಲಿಲ್ಲ.

ವಸ್ತುಗಳ ಆಯ್ಕೆಯ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. ಅಂಗಡಿಯಲ್ಲಿ ಸಿಗುವ ಹಣ್ಣುಗಳ ಚಾರ್ಟುಗಳಲ್ಲಿ ಸ್ಟ್ರಾಬೆರಿ, ಚೆರ್ರಿಗಳು ಸಾಲುಗಟ್ಟಿರುತ್ತವೆ. ಎ ಅಕ್ಷರದ ಸೇಬು ಕೂಡ ನಮ್ಮ ಮಕ್ಕಳ ಕೈಗೆ ಬರುವುದು ಮನೆಯಲ್ಲಿ ಯಾರಾದರೂ ಜ್ವರ ಬಂದು ಮಲಗಿದಾಗ. ಮುಟ್ಟಿ, ಮೂಸಿ, ತಿಂದು ಗೊತ್ತಿರುವ ಪೇರಲ, ಬಾಳೆ, ಮಾವುಗಳ ಇಂಗ್ಲಿಷ್ ಹೆಸರುಗಳಿಂದ ಆರಂಭಿಸುವುದರಲ್ಲಿ ಯಾವ ಕೊರತೆಯೂ ನನಗೆ ಕಂಡಿಲ್ಲ.

ಬಿಸಿಯೂಟದ ಸಾಲನ್ನು ನಾನು ಚಟುವಟಿಕೆ ಎಂದು ಯೋಜಿಸಿದವಳಲ್ಲ; ಆದರೆ ಪದ ಬಳಸುವ ಅಗತ್ಯ ದಿನವೂ ತಾನಾಗಿ ಹುಟ್ಟುವ ಜಾಗ ಶಾಲೆಯಲ್ಲಿ ಇದ್ದರೆ ಅದು ಅದೇ. ಪ್ಲೇಟ್, ವಾಟರ್, ರೈಸ್, ಮೊಟ್ಟೆ ಅಥವಾ ಬಾಳೆಹಣ್ಣು ಕೊಡುವ ದಿನ ‘ಎಗ್ ಆರ್ ಬನಾನಾ?’ ಎಂಬ ಪ್ರಶ್ನೆ, ಇವೆಲ್ಲ ಬೇಗ ಬಂದವು. ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ‘ಮೋರ್’ ಮತ್ತು ‘ಇನಫ್’. ಚಿತ್ರ ಬರೆದು ತೋರಿಸಲಾಗದ ಈ ಎರಡು ಪದಗಳಿಗೆ ಸಾಂಬಾರಿನ ಸೌಟಿಗಿಂತ ಒಳ್ಳೆಯ ಪಾಠೋಪಕರಣ ಇನ್ನೊಂದಿಲ್ಲ. ಅಡುಗೆಯ ಅಕ್ಕನವರೂ ಈಗ ‘ಮೋರ್ ಬೇಕೇನು, ಇನಫ್ ಆತೇನು?’ ಎಂದೇ ಕೇಳುತ್ತಾರೆ. ಒಂದು ಎಚ್ಚರವನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸುತ್ತೇವೆ: ಇಲ್ಲಿ ಪದ ಬಾರದಿದ್ದರೆ ಕೊಡುವುದಿಲ್ಲ ಎಂಬ ನಿಯಮವಿಲ್ಲ. ಮಣ್ಣಿನ ಕೊಂಬನ್ನು ತಡೆಹಿಡಿಯಬಹುದು, ಊಟವನ್ನು ತಡೆಹಿಡಿಯಲಾಗದು. ಮಗು ಕನ್ನಡದಲ್ಲಿ ಕೇಳಿದರೂ, ಸುಮ್ಮನೆ ತಟ್ಟೆ ಚಾಚಿದರೂ ಬಡಿಸಿ, ಬಡಿಸುತ್ತ ನಾವೇ ಪದವನ್ನು ಆಡುತ್ತೇವೆ.

ತಾಂಡಾದಿಂದ ಬರುವ ನಮ್ಮ ಮಕ್ಕಳ ಮನೆಮಾತು ಲಂಬಾಣಿ, ಇನ್ನು ಕೆಲವರದು ಉರ್ದು. ಇಂಗ್ಲಿಷ್ ಪದದ ಅರ್ಥವನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಅವರು ಎರಡು ಹೊಳೆ ದಾಟಬೇಕಾಗುತ್ತದೆ. ಬಾಲವನ್ನೇ ಮುಟ್ಟಿಸಿ ‘ಟೇಲ್’ ಎಂದಾಗ ಮಾತ್ರ ಎಲ್ಲರೂ ಒಂದೇ ದೂರದಲ್ಲಿರುತ್ತಾರೆ. ಕನ್ನಡದ ಓದಿನಲ್ಲಿ ಹಿಂದೆ ಬಿದ್ದಿದ್ದ ಇಬ್ಬರು ತಾಂಡಾದ ಮಕ್ಕಳು ಚೀಲದ ಆಟದಲ್ಲಿ ಮುಂದಾಳುಗಳಾದದ್ದನ್ನು ಕಂಡ ಮೇಲೆ, ಹೊಸ ಪದವನ್ನು ಪರಿಚಯಿಸುವಾಗ ಕನ್ನಡದ ಅರ್ಥ ಹೇಳುವುದನ್ನು ಕೊನೆಯ ಉಪಾಯವಾಗಿ ಇಟ್ಟುಕೊಂಡಿದ್ದೇನೆ. ಆಟದ ನಿಯಮಗಳನ್ನು ಮಾತ್ರ ಕನ್ನಡದಲ್ಲಿಯೇ ಹೇಳುತ್ತೇನೆ, ಅದರಲ್ಲಿ ಬಿಗುಮಾನ ಬೇಡ.

ಪಾಲಕರಿಗೆ ಇದೆಲ್ಲ ಮೊದಮೊದಲು ರುಚಿಸುವುದಿಲ್ಲ. ‘ಇಂಗ್ಲಿಷ್ ಕಲಸ್ರಿ ಅಂದ್ರ ಮಣ್ಣಾಗ ಆಡಸ್ತೀರಲ್ರಿ ಅಕ್ಕಾರ, ಪಾಟಿ ಮ್ಯಾಲೆ ಎಬಿಸಿಡಿ ಬರಸ್ರಿ’ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬ ತಂದೆ ನೇರವಾಗಿಯೇ ಹೇಳಿದರು. ಅವರ ಮಾತಿನಲ್ಲಿ ಹುರುಳಿತ್ತು, ಬರವಣಿಗೆಯೂ ಬೇಕೇ ಬೇಕು. ನಾನು ವಾದಕ್ಕೆ ಇಳಿಯದೆ, ಮಕ್ಕಳು ಎತ್ತು ಜೋಡಿಸುವ ದಿನ ಬಂದು ಕೂಡಲು ಕೇಳಿಕೊಂಡೆ. ಬಂದವರು ತಾವೂ ಒಂದು ಮುಂಡ ಹಿಡಿದು ಮಗನ ಹತ್ತಿರ ಕೊಂಬು ಕೇಳಬೇಕಾಯಿತು, ‘ಪ್ಲೀಸ್’ ಅನ್ನದೆ ಮಗ ಕೊಡಲಿಲ್ಲ. ಎಬಿಸಿಡಿಯ ಬೇಡಿಕೆಯನ್ನು ಅವರು ಆಮೇಲೂ ಬಿಡಲಿಲ್ಲವೆನ್ನಿ, ಆದರೆ ಮಣ್ಣಿನ ಮೇಲಿನ ಆಕ್ಷೇಪಣೆ ನಿಂತಿತು.

ಬರವಣಿಗೆಯನ್ನು ನಾನು ತರುವುದು ಪದ ಬಾಯಲ್ಲಿ ಪಳಗಿದ ಮೇಲೆ, ಸಾಮಾನ್ಯವಾಗಿ ಎರಡನೆಯ ತರಗತಿಯಲ್ಲಿ. ಪ್ರತಿ ಮಗುವಿಗೂ ಎರಡು ಖಾಲಿ ಕಡ್ಡಿಪೆಟ್ಟಿಗೆಗಳಿರುತ್ತವೆ. ಕಲಿತ ಪದದ ಚಿತ್ರವನ್ನು ಚೀಟಿಯ ಒಂದು ಮಗ್ಗುಲಿಗೂ ಅಕ್ಷರಗಳನ್ನು ಇನ್ನೊಂದು ಮಗ್ಗುಲಿಗೂ ಬರೆದು ಮೊದಲ ಪೆಟ್ಟಿಗೆಗೆ ಹಾಕುತ್ತಾರೆ. ವಾರಕ್ಕೊಮ್ಮೆ ಪಕ್ಕದವರು ಚಿತ್ರ ತೋರಿಸಿ ಪದ ಕೇಳುತ್ತಾರೆ. ನೆನಪಿದ್ದ ಚೀಟಿ ಎರಡನೆಯ ಪೆಟ್ಟಿಗೆಗೆ ಹೋಗುತ್ತದೆ, ಮರೆತದ್ದು ಮೊದಲನೆಯದರಲ್ಲಿಯೇ ಉಳಿದು ಮತ್ತೆ ಮತ್ತೆ ಎದುರಾಗುತ್ತದೆ. ಎರಡನೆಯ ಪೆಟ್ಟಿಗೆಯನ್ನು ತಿಂಗಳಿಗೊಮ್ಮೆ ತೆರೆದರೆ ಸಾಕು. ವಾರಕ್ಕೆ ಐದಾರು ಪದಗಳಿಗಿಂತ ಹೆಚ್ಚು ಸೇರಿಸಿದರೆ ಮೊದಲ ಪೆಟ್ಟಿಗೆ ತುಂಬಿ ತುಳುಕುತ್ತದೆ, ಆಗ ಪದಗಳ ಸಂಖ್ಯೆ ಇಳಿಸಬೇಕೆಂದು ನನಗೂ ತಿಳಿಯುತ್ತದೆ.

ಈ ರೀತಿಯ ಚಟುವಟಿಕೆಗಳಿಗೆ ಬಗ್ಗದ ಪದಗಳೂ ಇವೆ. ಯೆಸ್ಟರ್ಡೇ, ಬಿಕಾಸ್, ಥಿಂಕ್, ಫರ್‌ಗೆಟ್ ಮೊದಲಾದವು ಕೈಗೆ ಸಿಗುವಂಥವಲ್ಲ, ಚೀಲದಲ್ಲಿ ಹಿಡಿಸುವಂಥವೂ ಅಲ್ಲ. ಹಾವಭಾವದಿಂದ ಅವನ್ನು ತೋರಿಸಲು ಹೋದರೆ ಮಕ್ಕಳು ಬೇರೆಯದನ್ನೇ ಊಹಿಸುತ್ತಾರೆ. ‘ಥಿಂಕ್’ ಎಂದು ತಲೆಗೆ ಬೆರಳು ಹಚ್ಚಿದಾಗ ಒಂದನೆಯ ತರಗತಿಯವರಿಗೆ ಅದು ತಲೆನೋವಾಗಿ ಕಾಣುತ್ತದೆ. ಅಂಥ ಪದಗಳನ್ನು ಮೂರನೆಯ ತರಗತಿಯವರೆಗೆ ತಡೆದಿಟ್ಟು, ಮಕ್ಕಳಿಗೆ ಮೊದಲೇ ಗೊತ್ತಿರುವ ಕಥೆಗಳನ್ನು ಸರಳ ಇಂಗ್ಲಿಷಿನಲ್ಲಿ ಹೇಳುವಾಗ ಒಂದೊಂದಾಗಿ ಸೇರಿಸುತ್ತೇನೆ.