ಒಂದೇ ತಾರೀಕಿನ ಘಟನೆಗಳನ್ನು ಭಿತ್ತಿಪತ್ರಿಕೆಗೆ ಹೊಂದಿಸುವುದು ಹೇಗೆ?

ಜೂನ್ ತಿಂಗಳಲ್ಲಿ ಪಾಠಗಳು ಆರಂಭವಾದ ಮೇಲೆ ಮಂಗಳೂರು, ಉಡುಪಿ ಕಡೆಯ ಶಾಲೆಗಳ ಜಗಲಿಯಲ್ಲಿ ಭಿತ್ತಿಪತ್ರಿಕೆಗಳು ಕಾಣಿಸಿಕೊಳ್ಳುತ್ತವೆ. ಮಕ್ಕಳು ಅವುಗಳಲ್ಲಿ ಮೊದಲು ಓದುವುದು ‘ಚರಿತ್ರೆಯಲ್ಲಿ ಈ ದಿನ’ ಎಂಬ ಮೂಲೆಯನ್ನು. ಬೇರೆ ಬೇರೆ ಕಾಲದ, ಒಂದಕ್ಕೊಂದು ನಂಟಿಲ್ಲದ ಸಂಗತಿಗಳು ಒಂದೇ ತಾರೀಕಿನಲ್ಲಿ ಬಂದು ಸೇರುವ ಬೆರಗು ಅಂಥದ್ದು. ಆದರೆ ನಾನು ನೋಡಿದ ಹೆಚ್ಚಿನ ಮೂಲೆಗಳು ಮೊಬೈಲಿಗೆ ಬಂದ ಸಂದೇಶದ ನಕಲುಗಳಾಗಿದ್ದವು. ಒಂದು ಶಾಲೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಷೇಕ್ಸ್‌ಪಿಯರ್ ಮತ್ತು ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್ ಒಂದೇ ದಿನ ತೀರಿಕೊಂಡರೆಂದು ದುಂಡಗಿನ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದಳು. ಅದು ತಪ್ಪೆಂದು ಅವಳಿಗೆ ತಿಳಿಹೇಳುವಾಗ ನನಗೆ ನಿಜಕ್ಕೂ ಸಂಕಟವಾಯಿತು. ಆ ಸಂಕಟ ಇನ್ನೊಬ್ಬರಿಗೆ ಬರಬಾರದೆಂದು ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ತಾರೀಕನ್ನು ಆರಿಸಿ. ಊರಿನ ಘಟನೆಯೊಂದನ್ನು ಹಿಡಿದು ಹೊರಡುವುದೇ ಸರಿಯಾದ ದಾರಿ. ದೂರದೇಶದ ಸಂಗತಿಗಳು ಅದರ ಪಕ್ಕದಲ್ಲಿ ಬಂದು ಕೂರಲಿ. ನಮ್ಮವರಿಗೆ ಜುಲೈ 1 ಅತ್ಯುತ್ತಮ ಆರಂಭ. 1843ರ ಆ ದಿನ ಹರ್ಮನ್ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದರು. 1906ರ ಅದೇ ದಿನ ಅಮ್ಮೆಂಬಳ ಸುಬ್ಬರಾವ್ ಪೈಗಳು ಇದೇ ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. ಅದೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ವೈದ್ಯ ಬಿಧಾನ್ ಚಂದ್ರ ರಾಯ್ ಅವರು 1882ರ ಜುಲೈ 1ರಂದು ಹುಟ್ಟಿ, 1962ರ ಜುಲೈ 1ರಂದೇ ನಿಧನರಾದರು. 1858ರ ಜುಲೈ 1ರಂದು ಲಂಡನ್ನಿನಲ್ಲಿ ಡಾರ್ವಿನ್ ಮತ್ತು ವಾಲೇಸ್ ಅವರ ವಿಕಾಸವಾದದ ಬರಹಗಳನ್ನು ಮೊದಲ ಬಾರಿಗೆ ಓದಲಾಯಿತು. ನಾಲ್ಕು ಸಾಕು, ಐದನೆಯದನ್ನು ಸೇರಿಸಬೇಡಿ.

ಎರಡನೆಯದು ಸುಲಭದ ಕೆಲಸ: ಒಂದು ಘಟನೆಗೆ ಒಂದು ರಟ್ಟಿನ ಚೀಟಿ ಮಾಡಿ, ವರ್ಷ, ಸ್ಥಳ ಮತ್ತು ಮಾಹಿತಿ ಸಿಕ್ಕಿದ ಪುಸ್ತಕದ ಪುಟಸಂಖ್ಯೆಯನ್ನು ಬರೆಯಿರಿ.

ಮೂರನೆಯ ಹಂತದಲ್ಲೇ ಎಲ್ಲರೂ ಎಡವುತ್ತಾರೆ. ಚೀಟಿಯಲ್ಲಿರುವ ತಾರೀಕು ಯಾವ ಕ್ಯಾಲೆಂಡರಿನದು ಎಂದು ಕೇಳಿಕೊಳ್ಳಬೇಕು. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿ ಹಳೆಯ ಜೂಲಿಯನ್ ಕ್ಯಾಲೆಂಡರನ್ನು ತಿದ್ದಿದಾಗ ಸ್ಪೇನ್, ಪೋರ್ಚುಗಲ್ ದೇಶಗಳಲ್ಲಿ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಬಂತು. ಇಂಗ್ಲೆಂಡ್ ಇದನ್ನು ಒಪ್ಪಿದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ಹೀಗಾಗಿ 1616ರಲ್ಲಿ ಇಂಗ್ಲೆಂಡಿನವರು ಏಪ್ರಿಲ್ 23 ಎಂದು ಬರೆದ ದಿನವನ್ನು ಸ್ಪೇನಿನವರು ಮೇ 3 ಎಂದು ಬರೆಯುತ್ತಿದ್ದರು. ಷೇಕ್ಸ್‌ಪಿಯರ್ ಆ ದಿನ ತೀರಿಕೊಳ್ಳುವ ಹೊತ್ತಿಗೆ ಸರ್ವಾಂಟಿಸ್ ಸ್ಪೇನಿನ ಏಪ್ರಿಲ್ 23ರಂದು ಮಣ್ಣಾಗಿ ಹತ್ತು ದಿನಗಳೇ ಕಳೆದಿದ್ದವು. ಇದು ಯುರೋಪಿನ ತಾಪತ್ರಯವೆಂದು ಸುಮ್ಮನಾಗುವಂತಿಲ್ಲ. ನಮ್ಮ ಕರಾವಳಿಯ ಚರಿತ್ರೆಯನ್ನು ಬರೆಯುವವರು ಪೋರ್ಚುಗೀಸರ ದಾಖಲೆಯನ್ನೂ ಇಂಗ್ಲಿಷ್ ಕಂಪನಿಯ ದಾಖಲೆಯನ್ನೂ ನೋಡುತ್ತಾರೆ. 1752ಕ್ಕಿಂತ ಹಿಂದಿನದಾದರೆ ಒಂದೇ ದಿನಕ್ಕೆ ಅವುಗಳಲ್ಲಿ ಹತ್ತು ದಿನಗಳ, 1700ರ ಬಳಿಕ ಹನ್ನೊಂದು ದಿನಗಳ ಅಂತರವಿರುತ್ತದೆ. ಟಿಪ್ಪು ಸುಲ್ತಾನ್ ಮತ್ತು ಕಂಪನಿಯ ನಡುವೆ ಮಂಗಳೂರು ಒಪ್ಪಂದವಾದ 1784ರ ಮಾರ್ಚ್ 11ಕ್ಕೆ ಈ ತೊಡಕಿಲ್ಲ. ರಷ್ಯಾದ ವಿಷಯದಲ್ಲಿ ಮಾತ್ರ 1918ರವರೆಗೂ ಎಚ್ಚರ ಬೇಕು. ‘ಅಕ್ಟೋಬರ್ ಕ್ರಾಂತಿ’ ನಡೆದದ್ದು ನಮ್ಮ ಲೆಕ್ಕದ ನವೆಂಬರ್ 7ರಂದು.

ಶಾಸನಗಳದು ಬೇರೆಯೇ ಕಥೆ. ಬಾರಕೂರಿನಂತಹ ಊರುಗಳ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿಗಳಿರುತ್ತವೆ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ, ವರ್ಷದ ಕೊನೆಯ ತಿಂಗಳುಗಳಾದರೆ 79 ಕೂಡಿಸಬೇಕಾಗುತ್ತದೆ. ಆದರೆ ತಿಥಿಯನ್ನು ತಾರೀಕಾಗಿ ಬದಲಿಸುವುದು ಹೀಗೆ ಕೂಡಿಸಿ ಮುಗಿಯುವ ಲೆಕ್ಕವಲ್ಲ. ಈ ವರ್ಷ ಆ ತಿಥಿ ಬಿದ್ದ ತಾರೀಕನ್ನು ಪಂಚಾಂಗದಲ್ಲಿ ನೋಡಿ ಬರೆದುಬಿಡುವ ಅಡ್ಡದಾರಿಯನ್ನು ಖಂಡಿತ ಹಿಡಿಯಬೇಡಿ. ಶಾಸನತಜ್ಞರು ಲೆಕ್ಕ ಹಾಕಿ ಪ್ರಕಟಿಸಿದ ತಾರೀಕು ಸಿಗದಿದ್ದರೆ ಆ ಚೀಟಿಯನ್ನೇ ಬಿಡಿ.

ಗಡಿಯಾರವನ್ನೂ ಮರೆಯುವಂತಿಲ್ಲ. ಅಪೊಲೊ 11 ಚಂದ್ರನ ಮೇಲೆ ಇಳಿದಾಗ ಅಮೆರಿಕದಲ್ಲಿ 1969ರ ಜುಲೈ 20, ನಮ್ಮಲ್ಲಿ ಜುಲೈ 21ರ ಬೆಳಗಿನ ಜಾವ 1 ಗಂಟೆ 47 ನಿಮಿಷ. ಇಂತಹ ಕಡೆ ಎರಡನ್ನೂ ಬರೆಯಿರಿ.

ತಾರೀಕು ಖಚಿತವಾದ ಮೇಲೆ, ಅದು ತಾನಾಗಿ ಬಿದ್ದ ದಿನವೋ, ಯಾರಾದರೂ ಆರಿಸಿಕೊಂಡ ದಿನವೋ ಎಂದು ವಿಂಗಡಿಸಿ. ರಿಸರ್ವ್ ಬ್ಯಾಂಕ್ ಕೆಲಸ ಆರಂಭಿಸಿದ್ದು 1935ರ ಏಪ್ರಿಲ್ 1ರಂದು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ವಿಲೀನವಾಯಿತು. ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಎರಡೂ 2020ರ ಏಪ್ರಿಲ್ 1ರಂದು ವಿಲೀನವಾದವು. ನಮ್ಮ ಜಿಲ್ಲೆಗಳ ಮನೆಮನೆಗೂ ತಟ್ಟಿದ ಸಂಗತಿ ಇದು, ಫಲಕದಲ್ಲಿ ಇರಲೇಬೇಕು. ಆದರೆ ಹಣಕಾಸು ವರ್ಷ ಆ ದಿನ ಆರಂಭವಾಗುತ್ತದೆಂಬ ಕಾರಣವನ್ನೂ ಜೊತೆಗೆ ಬರೆಯಬೇಕು. 1973ರಲ್ಲಿ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು, 2014ರಲ್ಲಿ ‘ಮ್ಯಾಂಗಲೋರ್’ ಅಧಿಕೃತವಾಗಿ ‘ಮಂಗಳೂರು’ ಆದದ್ದು, ಎರಡೂ ನವೆಂಬರ್ 1ರಂದೇ ನಡೆದಿರುವುದು 1956ರ ರಾಜ್ಯೋದಯದ ನೆನಪಿಗಾಗಿ. ಇದಕ್ಕೆ ಪ್ರತಿಯಾಗಿ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ 1826ರ ಜುಲೈ 4ರಂದು ಅದಕ್ಕೆ ಸಹಿ ಹಾಕಿದ್ದ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಇಬ್ಬರೂ ತೀರಿಕೊಂಡದ್ದನ್ನು ಯಾರೂ ಗೊತ್ತುಮಾಡಿರಲಿಲ್ಲ. ಈ ಎರಡು ಬಗೆಗೆ ಎರಡು ಬಣ್ಣದ ಚೀಟಿಗಳನ್ನು ಬಳಸಿ.

ಬರೆಯಲು ಬಾಲ್ ಪೆನ್ ಸಾಕು. ಅಗ್ಗದ ಸ್ಕೆಚ್ ಪೆನ್ನಿನ ಬಣ್ಣ ಆಷಾಢದ ತೇವಕ್ಕೆ ಕಾಗದದ ಮೇಲೆ ಹರಡಿಕೊಳ್ಳುತ್ತದೆ, ಟೇಪು ಎರಡೇ ದಿನಕ್ಕೆ ಏಳುತ್ತದೆ. ಡ್ರಾಯಿಂಗ್ ಪಿನ್ ಬಳಸಿ.

ವಾರ ಕಳೆದ ಮೇಲೆ ಚೀಟಿಗಳನ್ನು ಎಸೆಯದೆ, ಚಪ್ಪಲಿಯ ರಟ್ಟಿನ ಪೆಟ್ಟಿಗೆಯೊಂದರಲ್ಲಿ ತಾರೀಕಿನ ಕ್ರಮದಲ್ಲಿ ನಿಲ್ಲಿಸಿಡಿ. ಫೆಬ್ರವರಿ 29ಕ್ಕೂ ಒಂದು ಜಾಗವಿರಲಿ: ಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ ಅವರು ಹುಟ್ಟಿದ್ದು 1896ರ ಆ ದಿನ, ಅವರ ಚೀಟಿ ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಹೊರಬರುತ್ತದೆ.